ಫೋಟೊ ಕೆಳಗೆ ಅವರ ಹೆಸರೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನಕ್ಕೆ ನಿಮ್ಮ ಪತ್ರಿಕೆ ಒಂದು ಪುಟವನ್ನೇ ಹಳ್ಳಿಯ ಫೋಟೊಗಳಿಗೆ ಬಿಟ್ಟುಕೊಟ್ಟಿತ್ತು. ರಾಗಿ ತೂರುವ ಹೆಂಗಸು, ಕುರಿ ಹಿಂಡಿನ ಹಿಂದೆ ನಡೆಯುವ ಅಜ್ಜ, ಒಲೆ ಮುಂದೆ ಊದುಗೊಳವೆ ಹಿಡಿದು ಕೂತ ಅಜ್ಜಿ, ಕೆರೆಗೆ ಹಾರುತ್ತಿರುವ ಹುಡುಗರು. ಫೋಟೊಗಳು ಚೆನ್ನಾಗಿದ್ದವು, ಅದರಲ್ಲಿ ಎರಡು ಮಾತಿಲ್ಲ. ಪ್ರತಿ ಫೋಟೊದ ಮೂಲೆಯಲ್ಲಿ ಅದನ್ನು ತೆಗೆದವರ ಹೆಸರಿತ್ತು. ಫೋಟೊ ಒಳಗೆ ಇದ್ದವರ ಹೆಸರು ಮಾತ್ರ ಒಂದೂ ಇರಲಿಲ್ಲ. ಊರಿನ ಹೆಸರೂ ಇಲ್ಲ. ಅಜ್ಜಿಯ ಕೆಳಗೆ ‘ಬದುಕಿನ ಬೆಂಕಿ’ ಅಂತ ಬರೆದಿದ್ದೀರಿ, ರಾಗಿ ತೂರುವವರ ಕೆಳಗೆ ‘ಅನ್ನದಾತೆ’ ಅಂತ. ಆ ಅಜ್ಜಿಗೆ ಹುಟ್ಟಿದಾಗ ಇಟ್ಟ ಹೆಸರು ಒಂದಿರುತ್ತದೆ ಅಲ್ವಾ? ಕೇಳೋಕೆ ಅರ್ಧ ನಿಮಿಷ ಸಾಕು.

ನನ್ನ ಕೋರಿಕೆ ಇಷ್ಟೇ. ಹಳ್ಳಿಯವರ ದಿನನಿತ್ಯದ ಬದುಕಿನ ಫೋಟೊ ಹಾಕುವಾಗ ಅವರ ಹೆಸರು, ಊರು, ಏನು ಕೆಲಸ ಮಾಡುತ್ತಿದ್ದಾರೆ, ಫೋಟೊ ತೆಗೆದ ದಿನ ಯಾವುದು, ಇಷ್ಟನ್ನು ಕೆಳಗೆ ಬರೆಯಿರಿ. ಇದು ಇಲ್ಲದಿದ್ದರೆ ಅದು ಅರ್ಧ ಫೋಟೊ. ಊರಲ್ಲಿ ಒಂದು ಕಟ್ಟಡದ ಉದ್ಘಾಟನೆ ಆದರೆ ವೇದಿಕೆ ಮೇಲೆ ನಿಂತ ಹನ್ನೆರಡು ಜನರ ಹೆಸರನ್ನೂ ನೀವು ಬಿಡದೆ ಹಾಕುತ್ತೀರಿ. ಕಟ್ಟಡ ಕಟ್ಟಿದ ಗಾರೆ ಕೆಲಸದವರ ಫೋಟೊ ಬಂದರೆ ಮಾತ್ರ ಅದು ‘ಸಾಂದರ್ಭಿಕ ಚಿತ್ರ’. ಇದು ನನಗೆ ನಿಜವಾಗಿಯೂ ನೋವು ಕೊಡುವ ವಿಷಯ.

ಹೆಸರು ಕೇಳದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಜಗತ್ತಿನ ಅತಿ ಪ್ರಸಿದ್ಧ ಫೋಟೊಗಳಲ್ಲಿ ಒಂದಾದ ಈ ಫೋಟೊವೇ ಸಾಕ್ಷಿ. 1936ರ ಮಾರ್ಚ್ ತಿಂಗಳು. ಅಮೆರಿಕದಲ್ಲಿ ಆರ್ಥಿಕ ಕುಸಿತದ ಕಾಲ. ಕ್ಯಾಲಿಫೋರ್ನಿಯಾದ ನಿಪೋಮೊ ಅನ್ನುವ ಊರಿನ ಹತ್ತಿರ ಬಟಾಣಿ ಕೀಳೋಕೆ ಬಂದ ಕೂಲಿಯವರ ಕ್ಯಾಂಪಿತ್ತು, ಬೆಳೆ ಹಾಳಾಗಿ ಕೆಲಸ ಇರಲಿಲ್ಲ. ಅಲ್ಲಿ ಹರಕಲು ಡೇರೆ ಕೆಳಗೆ ಮಕ್ಕಳನ್ನು ಅಪ್ಪಿಕೊಂಡು ಕೂತಿದ್ದ ಒಬ್ಬ ತಾಯಿಯ ಫೋಟೊವನ್ನು ಡೊರೊತಿಯಾ ಲ್ಯಾಂಗ್ ಅನ್ನುವ ಫೋಟೊಗ್ರಾಫರ್ ತೆಗೆದರು. ಮೂವತ್ತೆರಡು ವರ್ಷದ, ಏಳು ಮಕ್ಕಳ ತಾಯಿ ಅಂತ ಬರೆದುಕೊಂಡರು. ಹೆಸರು ಬರೆದುಕೊಳ್ಳಲಿಲ್ಲ. ಫೋಟೊ ಪೇಪರ್‌ನಲ್ಲಿ ಬಂತು, ಕ್ಯಾಂಪಿಗೆ ಸರ್ಕಾರದಿಂದ ಊಟದ ಸಾಮಾನು ಬಂತು. ಅಷ್ಟು ಹೊತ್ತಿಗೆ ಆ ಸಂಸಾರ ಬೇರೆ ಕಡೆ ಕೆಲಸ ಹುಡುಕಿಕೊಂಡು ಹೊರಟುಹೋಗಿತ್ತು.

ಆಮೇಲೆ ನಾಲ್ಕು ದಶಕ ಆ ಮುಖ ಪುಸ್ತಕಗಳಲ್ಲಿ, ಮ್ಯೂಸಿಯಮ್‌ಗಳಲ್ಲಿ ಓಡಾಡಿತು. ಅವರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ, ಚೆರೊಕೀ ಮೂಲನಿವಾಸಿ ಜನಾಂಗದವರು ಅಂತ ಹೊರಗಿನವರಿಗೆ ಗೊತ್ತಾಗಿದ್ದು 1978ರಲ್ಲಿ. ಅದೂ ಅವರು ವಾಸವಾಗಿದ್ದ ಮೊಡೆಸ್ಟೊ ಊರಿನ ಪತ್ರಿಕೆಯ ವರದಿಗಾರರೊಬ್ಬರು ಹುಡುಕಿಕೊಂಡು ಹೋದ ಮೇಲೆ. ಆ ಪತ್ರಿಕೆಯಲ್ಲಿ ಅವರೇ ಬರೆದ ಪತ್ರವೂ ಅಚ್ಚಾಯಿತು. ಆ ಫೋಟೊ ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು ಅಂತ ಅವರು ಹೇಳಿದರು. ನನ್ನ ಹೆಸರು ಕೇಳಲಿಲ್ಲ, ಒಂದು ಪ್ರತಿ ಕಳಿಸುತ್ತೇನೆ ಅಂದಿದ್ದರು, ಕಳಿಸಲೇ ಇಲ್ಲ ಅಂದರು. ಡೊರೊತಿಯಾ ಲ್ಯಾಂಗ್ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರು ಬಡವರ ಪರ ಇದ್ದವರು, ಬೇರೆ ಎಷ್ಟೋ ಫೋಟೊಗಳಿಗೆ ಜನ ಆಡಿದ ಮಾತನ್ನೇ ಬರೆದುಕೊಂಡು ಬರುತ್ತಿದ್ದವರು. ಆ ಒಂದು ದಿನ ಅವಸರದಲ್ಲಿ ಬಿಟ್ಟುಹೋದ ಒಂದು ಹೆಸರಿಗೆ ಒಂದು ಹೆಂಗಸು ನಲವತ್ತು ವರ್ಷ ಬೆಲೆ ತೆತ್ತರು.

ಲ್ಯಾಂಗ್ ಕೆಲಸ ಮಾಡುತ್ತಿದ್ದುದು ಅಮೆರಿಕ ಸರ್ಕಾರದ ಒಂದು ಫೋಟೊ ವಿಭಾಗಕ್ಕೆ. 1935ರಲ್ಲಿ ಶುರುವಾದದ್ದು, ಮುಂದೆ ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್ ಅನ್ನುವ ಇಲಾಖೆಯ ಹೆಸರಿನಿಂದ ಪ್ರಸಿದ್ಧವಾದದ್ದು. ಅದರ ಮುಖ್ಯಸ್ಥ ರಾಯ್ ಸ್ಟ್ರೈಕರ್ ಫೋಟೊಗ್ರಾಫರ್ ಅಲ್ಲ, ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿದವರು. ಕಾರ್ಲ್ ಮೈಡಾನ್ಸ್ ಅನ್ನುವ ಫೋಟೊಗ್ರಾಫರ್ ದಕ್ಷಿಣದ ಕಡೆ ಹತ್ತಿ ಬೆಳೆಯ ಫೋಟೊ ತೆಗೆಯೋಕೆ ಹೊರಟು ನಿಂತಾಗ, ಹತ್ತಿ ಬಗ್ಗೆ ನಿನಗೆ ಏನು ಗೊತ್ತು ಅಂತ ಸ್ಟ್ರೈಕರ್ ಕೇಳಿದರಂತೆ. ಹೆಚ್ಚೇನೂ ಗೊತ್ತಿಲ್ಲ ಅಂದಾಗ ಟಿಕೆಟ್ ರದ್ದು ಮಾಡಿಸಿ, ರಾತ್ರಿಯವರೆಗೂ ಕೂರಿಸಿಕೊಂಡು ಹತ್ತಿಯನ್ನು ಹೇಗೆ ಬೆಳೆಯುತ್ತಾರೆ, ಯಾರು ಕೀಳುತ್ತಾರೆ, ಅದು ಎಲ್ಲಿಗೆ ಹೋಗುತ್ತದೆ ಅಂತ ಹೇಳಿ, ಆಮೇಲೆ ಕಳಿಸಿದರಂತೆ. ಈ ಕಥೆ ನನಗೆ ತುಂಬಾ ಇಷ್ಟ. ಆ ವಿಭಾಗದ ಸುಮಾರು 1,75,000 ಕಪ್ಪು ಬಿಳುಪು ನೆಗೆಟಿವ್‌ಗಳು ಇವತ್ತು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಶಿಡ್ಲಘಟ್ಟದಲ್ಲಿ ಕೂತು ನಾನು ಫೋನಿನಲ್ಲಿ ಬಿಟ್ಟಿಯಾಗಿ ನೋಡಬಹುದು. ನಮ್ಮದೇ ತಾಲ್ಲೂಕಿನ ಹಳೇ ಫೋಟೊ ನೋಡಬೇಕು ಅಂದರೆ ಎಲ್ಲಿಗೆ ಹೋಗಬೇಕು, ನೀವೇ ಹೇಳಿ.

ನಮ್ಮ ಕಡೆಯದೇ ಉದಾಹರಣೆ ಕೊಡುತ್ತೇನೆ. ರೇಷ್ಮೆ ಬಗ್ಗೆ ಪತ್ರಿಕೆಗಳಲ್ಲಿ ಬರುವ ಫೋಟೊ ಯಾವುದು? ಚಂದ್ರಿಕೆ (ಹುಳು ಗೂಡು ಕಟ್ಟೋಕೆ ಬಿಡುವ ತಟ್ಟೆ) ತುಂಬಾ ಹಳದಿ ಗೂಡು, ಇಲ್ಲ ಅಂದರೆ ಮಾರುಕಟ್ಟೆಯಲ್ಲಿ ಗೂಡಿನ ರಾಶಿ. ಅದರ ಹಿಂದಿನ ಸುಮಾರು ಒಂದು ತಿಂಗಳು ಯಾರಿಗೂ ಕಾಣುವುದಿಲ್ಲ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ನಾವು ಅದನ್ನು ಜ್ವರ ಅನ್ನುತ್ತೇವೆ. ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಆಗ ಮನೆಯವರಿಗೂ ಸ್ವಲ್ಪ ಬಿಡುವು, ಹೆಂಗಸರು ಬಟ್ಟೆ ಒಗೆಯುವುದು, ತವರಿಗೆ ಹೋಗಿಬರುವುದು ಎಲ್ಲ ಆಗಲೇ. ನಾಲ್ಕನೇ ಜ್ವರ ಎದ್ದ ಮೇಲೆ ಉಸಿರಾಡೋಕೂ ಪುರುಸೊತ್ತಿಲ್ಲ. ಹುಳು ತನ್ನ ಬದುಕಿನಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ಕೊನೆಯ ಒಂದು ವಾರದಲ್ಲೇ ತಿನ್ನುತ್ತದೆ. ಬೆಳಗಿನ ಜಾವದಿಂದ ಸೊಪ್ಪು ಕಟಾವು, ಹೊರುವುದು, ಹಾಕುವುದು. ಆಮೇಲೆ ಹುಳು ಹಣ್ಣಾಗುತ್ತದೆ. ಮೈ ಬಣ್ಣ ತಿರುಗಿ ಒಳಗಿನದು ಕಾಣುವ ಹಾಗಾಗುತ್ತದೆ. ಹಣ್ಣಾದ ಹುಳುವನ್ನು ಆಯ್ದು ಚಂದ್ರಿಕೆಗೆ ಬಿಡೋಕೆ ತಡ ಮಾಡುವ ಹಾಗಿಲ್ಲ, ಸಿಕ್ಕಲ್ಲಿ ನೂಲು ಬಿಟ್ಟು ಹಾಳು ಮಾಡುತ್ತದೆ. ಅದಕ್ಕೆ ಆ ದಿನ ಶಾಲೆಗೆ ಹೋಗುವ ಮಗುವಿನಿಂದ ಹಿಡಿದು ಮುದುಕರವರೆಗೂ ಎಲ್ಲರೂ ಕೂರುತ್ತಾರೆ, ಪಕ್ಕದ ಮನೆಯವರೂ ಬರುತ್ತಾರೆ, ಕೂಲಿಯವರೂ ಬರುತ್ತಾರೆ. ಜಾತಿ ಯಾವುದು, ಯಾರಿಗೆ ಒಳಗೆ ಊಟ, ಯಾರಿಗೆ ಹೊರಗೆ, ಗಂಡಾಳಿಗೆ ಎಷ್ಟು, ಹೆಣ್ಣಾಳಿಗೆ ಎಷ್ಟು, ಎಲ್ಲ ಆ ಒಂದು ದಿನ ಕಣ್ಣಿಗೆ ಕಾಣುತ್ತದೆ.

ಇದರ ಫೋಟೊ ತೆಗೆಯಬೇಕು ಅಂದರೆ ಹುಳು ಯಾವಾಗ ಹಣ್ಣಾಗುತ್ತದೆ ಅಂತ ಗೊತ್ತಿರಬೇಕು. ಮನೆಯವರ ಪರಿಚಯ ಇರಬೇಕು. ಯಾಕೆಂದರೆ ಹುಳು ಮನೆಗೆ ಹೊರಗಿನವರನ್ನು ಸುಮ್ನೆ ಬಿಡುವುದಿಲ್ಲ, ರೋಗ ತಗುಲುತ್ತದೆ ಅನ್ನುವ ಭಯ. ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದು ಹೋಗಬೇಕು. ಅಲ್ಲಿಂದ ಮುಂದೆ ನೂಲು ಬಿಚ್ಚುವ ಕಡೆ ಹೋದರೆ ಇನ್ನೊಂದು ಲೋಕ. ಬಿಸಿ ನೀರಿನಲ್ಲಿ ಬೇಯುವ ಗೂಡಿನಿಂದ ಎಳೆ ಹಿಡಿಯುವ ಹೆಂಗಸರ ಬೆರಳು ಇಡೀ ದಿನ ನೀರಲ್ಲೇ. ಆ ಬೆರಳಿನ ಫೋಟೊ ನಾನು ನೋಡಿದ್ದೇನೆ, ಚೆನ್ನಾಗಿ ತೆಗೆದಿದ್ದರು. ಅದು ಯಾರ ಕೈ ಅಂತ ಬರೆದಿರಲಿಲ್ಲ. ಎಷ್ಟು ವರ್ಷದಿಂದ ಆ ಕೆಲಸ ಮಾಡುತ್ತಿದ್ದಾರೆ, ದಿನಕ್ಕೆ ಏನು ಸಿಗುತ್ತದೆ, ಸಂಜೆ ಮನೆಗೆ ಹೋಗಿ ಆ ಬೆರಳಲ್ಲೇ ಖಾರ ಅರೆಯಬೇಕಾ, ಒಂದು ಮಾತೂ ಇರಲಿಲ್ಲ. ಹೆಸರು ಕೇಳಿದ್ದರೆ ಇವೆಲ್ಲ ತಾನಾಗಿಯೇ ಬರುತ್ತಿತ್ತು. ಹೆಸರು ಕೇಳಿದ ಮೇಲೆ ಅಲ್ಲಿಗೆ ನಿಲ್ಲಿಸೋಕೆ ಆಗುವುದಿಲ್ಲ, ಮಾತು ಬೆಳೆಯುತ್ತದೆ. ಫೋಟೊಗ್ರಾಫರ್ ಅರ್ಧ ಗಂಟೆ ಕೂರುತ್ತಾರೆ, ಟೀ ಕುಡಿಯುತ್ತಾರೆ, ಆಮೇಲೆ ತೆಗೆದ ಫೋಟೊ ಬೇರೆಯೇ ಆಗಿರುತ್ತದೆ.

2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಆಗಿತ್ತಲ್ಲ, ಆ ವರ್ಷ ರಾಗಿ ಮುದ್ದೆಯ, ರಾಗಿ ಬಿಸ್ಕತ್ತಿನ, ಬಣ್ಣ ಬಣ್ಣದ ತಟ್ಟೆಗಳ ಫೋಟೊ ಎಷ್ಟು ಬಂತು. ಕಣ ಮಾಡುವುದನ್ನು, ನೀರು ಹಾಕಿ ತುಳಿದು ಸಗಣಿ ಸಾರಿಸುವುದನ್ನು, ನಡುವೆ ಮೇಟಿ ಕಂಬ ನೆಟ್ಟು, ತೆನೆ ಮೇಲೆ ಉರುಳಿಸಿ ಕಾಳು ಬಿಡಿಸುವ ರೋಣಗಲ್ಲು ಎಳೆಸುವುದನ್ನು ಬಲ್ಲವರು ನಮ್ಮ ಊರುಗಳಲ್ಲಿ ಇನ್ನೂ ಬದುಕಿದ್ದಾರೆ. ಈಗ ಟಾರು ರಸ್ತೆಯೇ ಕಣ, ಓಡಾಡುವ ಬಸ್ಸು ಲಾರಿಯೇ ರೋಣಗಲ್ಲು. ಅದೂ ದಾಖಲಾಗಬೇಕಾದ ಸಂಗತಿಯೇ. ಹಳೆಯದು ಮಾತ್ರ ಚೆಂದ, ಈಗಿನದು ಫೋಟೊಗೆ ಲಾಯಕ್ಕಿಲ್ಲ ಅನ್ನುವ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಫೋಟೊ ತೆಗೆಯುವವರು ಎಷ್ಟೋ ಜನ ಡಿಶ್ ಆಂಟೆನಾ, ನೀಲಿ ಟಾರ್ಪಲ್, ಪ್ಲಾಸ್ಟಿಕ್ ಬಿಂದಿಗೆ ಕಾಣದ ಹಾಗೆ ಕ್ಯಾಮೆರಾ ತಿರುಗಿಸುತ್ತಾರೆ. ಅಜ್ಜಿ ಕೈಯಲ್ಲಿದ್ದ ಮೊಬೈಲ್ ಪಕ್ಕಕ್ಕೆ ಇಡಿ ಅನ್ನುತ್ತಾರೆ. ಕೆಲವರು ಬೆಳಗ್ಗೆ ಬೆಳಕು ಬರುವ ಹೊತ್ತಿಗೆ ದುಡ್ಡು ಕೊಟ್ಟು ಕುರಿ ಹಿಂಡನ್ನು ಅತ್ತಿಂದಿತ್ತ ಓಡಿಸಿ ಧೂಳೆಬ್ಬಿಸುತ್ತಾರೆ. ಸ್ಪರ್ಧೆಗೆ ಅದು ನಡೆಯಬಹುದು. ದಿನಪತ್ರಿಕೆಯಲ್ಲಿ ಅದನ್ನು ‘ಹಳ್ಳಿಯ ಬದುಕು’ ಅಂತ ಹಾಕಬಾರದು.

ಇದರಿಂದ ಆಗುವ ಹಾನಿ ದೊಡ್ಡದು. ಮೇಲೆ ಹೇಳಿದ ಸ್ಟ್ರೈಕರ್ ತಂಡದಲ್ಲೇ ಆರ್ಥರ್ ರಾತ್‌ಸ್ಟೀನ್ ಅನ್ನುವವರು 1936ರಲ್ಲಿ ಸೌತ್ ಡಕೋಟಾದಲ್ಲಿ ಒಣಗಿ ಬಿರಿದ ನೆಲದ ಮೇಲೆ ಬಿದ್ದಿದ್ದ ದನದ ಬುರುಡೆಯನ್ನು ಸ್ವಲ್ಪ ದೂರ ಸರಿಸಿ ಬೇರೆ ಬೇರೆ ಕಡೆ ಇಟ್ಟು ಫೋಟೊ ತೆಗೆದರು. ಸರ್ಕಾರದ ವಿರೋಧಿ ಪತ್ರಿಕೆಗಳಿಗೆ ಅದು ಸಿಕ್ಕಿತು. ಬರಗಾಲವೇ ಸುಳ್ಳು, ಎಲ್ಲ ನಾಟಕ ಅಂತ ಗದ್ದಲ ಎಬ್ಬಿಸಿದರು. ಬರ ನಿಜವಾಗಿತ್ತು, ಜನ ಊರು ಬಿಟ್ಟು ಹೋಗುತ್ತಿದ್ದರು. ಒಂದು ಬುರುಡೆ ಸರಿಸಿದ್ದಕ್ಕೆ ಅಷ್ಟೂ ಜನರ ಕಷ್ಟದ ಮೇಲೆ ಅನುಮಾನ ಬಂತು. ನಮ್ಮಲ್ಲಿ ಬರ ಬಂದಾಗಲೆಲ್ಲ ಅದೇ ಬಿರುಕು ಬಿಟ್ಟ ಕೆರೆ ಅಂಗಳ, ತಲೆ ಮೇಲೆ ಕೈ ಇಟ್ಟು ಆಕಾಶ ನೋಡುವ ಅದೇ ರೈತ. ಯಾವ ಕೆರೆ, ಯಾವ ವರ್ಷ ಅಂತ ಬರೆದಿರುವುದಿಲ್ಲ. ಅದು ನಮ್ಮ ಜಿಲ್ಲೆಯದಾ, ನಮ್ಮ ರಾಜ್ಯದ್ದಾ ಅಂತಲೂ ತಿಳಿಯುವುದಿಲ್ಲ.

ಹಾಗಂತ ಹಳ್ಳಿಯವರ ಫೋಟೊ ಯಾರೂ ತೆಗೆಯುತ್ತಿಲ್ಲ ಅಂತಲ್ಲ. ಇವತ್ತು ತೆಗೆಯುವಷ್ಟು ಯಾವ ಕಾಲದಲ್ಲೂ ತೆಗೆದಿಲ್ಲ. ಉದ್ಯೋಗ ಖಾತ್ರಿ ಕೆಲಸಕ್ಕೆ 2023ರ ಜನವರಿಯಿಂದ ಆ್ಯಪ್ ಮೂಲಕ ಹಾಜರಿ ಕಡ್ಡಾಯ ಮಾಡಿದರು, ದಿನಕ್ಕೆ ಎರಡು ಸಲ ಕೂಲಿಯವರನ್ನು ನಿಲ್ಲಿಸಿ ಫೋಟೊ ತೆಗೆದು ಅಪ್‌ಲೋಡ್ ಮಾಡಬೇಕಿತ್ತು. ನೆಟ್‌ವರ್ಕ್ ಇಲ್ಲದ ಕಡೆ ಜನ ಕೆಲಸ ಮುಗಿದ ಮೇಲೂ ಎರಡನೇ ಫೋಟೊಗೆ ಬಿಸಿಲಲ್ಲಿ ಕಾದು ನಿಂತಿದ್ದುಂಟು. ಆ ಫೋಟೊದಲ್ಲಿ ಜಾಗ, ಸಮಯ ಎಲ್ಲ ಕರಾರುವಾಕ್ಕಾಗಿ ಇರುತ್ತದೆ, ಹಾಜರಿ ಪಟ್ಟಿಯಲ್ಲಿ ಹೆಸರೂ ಇರುತ್ತದೆ. ಮಾಡಿದ ಕೆಲಸ ಮಾತ್ರ ಇರುವುದಿಲ್ಲ. ಪತ್ರಿಕೆಯ ಫೋಟೊದಲ್ಲಿ ಕೆಲಸ ಇರುತ್ತದೆ, ಮನುಷ್ಯ ಯಾರು ಅಂತ ಇರುವುದಿಲ್ಲ. ಮೇಲ್ವಿಚಾರಣೆಗೆ ತೆಗೆದ ಫೋಟೊಗೂ ಗೌರವದಿಂದ ತೆಗೆದ ಫೋಟೊಗೂ ವ್ಯತ್ಯಾಸ ತೋರಿಸಬೇಕಾದವರು ನೀವು.

ಗೌರವದಿಂದ ಕೆಲಸ ಮಾಡಿದವರು ನಮ್ಮ ನಾಡಿನಲ್ಲೇ ಇದ್ದರು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ದೊಡ್ಡ ದೊಡ್ಡ ವಿದೇಶಿ ಪತ್ರಿಕೆಗಳಿಗೆ ಫೋಟೊ ತೆಗೆದವರು, 1977ರಲ್ಲಿ ಪದ್ಮಶ್ರೀ ಪಡೆದವರು. ಅವರ ಮನಸ್ಸೆಲ್ಲ ಸಾಮಾನ್ಯ ಜನರ ಕಡೆ, ಮಕ್ಕಳ ಕಡೆ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಫೋಟೊಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಈಗಿನವರಲ್ಲಿ ಫೋಟೊಗ್ರಾಫರ್ ಗೌರಿ ಗಿಲ್ ಇದ್ದಾರೆ. 1999ರಲ್ಲಿ ರಾಜಸ್ಥಾನದ ಹಳ್ಳಿ ಶಾಲೆಗಳ ಫೋಟೊ ತೆಗೆಯೋಕೆ ಹೋದವರು ಅಲ್ಲಿಂದಾಚೆಗೆ ಎರಡು ದಶಕ ಆ ಸಂಸಾರಗಳ ಹತ್ತಿರ ಮತ್ತೆ ಮತ್ತೆ ಹೋದರು. 2003ರಲ್ಲಿ ಲೂಣಕರಣಸರದಲ್ಲಿ ಹುಡುಗಿಯರ ಒಂದು ಮೇಳ ನಡೆದಾಗ ಅಲ್ಲೊಂದು ಫೋಟೊ ಅಂಗಡಿ ಹಾಕಿದರು. ಹೇಗೆ ನಿಲ್ಲಬೇಕು, ಯಾರ ಜೊತೆ ನಿಲ್ಲಬೇಕು, ಕೈಯಲ್ಲಿ ಏನು ಹಿಡಿಯಬೇಕು ಅಂತ ಹುಡುಗಿಯರೇ ತೀರ್ಮಾನ ಮಾಡಿದರು. ಆ ಮರುಭೂಮಿಯ ಕೆಲಸಕ್ಕೇ 2023ರಲ್ಲಿ ಪ್ರಿ ಪಿಕ್ಟೆ ಅನ್ನುವ ಅಂತರರಾಷ್ಟ್ರೀಯ ಫೋಟೊ ಪ್ರಶಸ್ತಿ ಬಂತು. ಪತ್ರಕರ್ತ ಪಿ. ಸಾಯಿನಾಥ್ ಅವರು 2014ರಲ್ಲಿ ಶುರು ಮಾಡಿದ, ಹಳ್ಳಿಗಳ ಬದುಕನ್ನು ದಾಖಲಿಸುವ ‘ಪರಿ’ ಜಾಲತಾಣವನ್ನು ನಿಮ್ಮ ಡೆಸ್ಕಿನವರು ನೋಡಿಯೇ ಇರುತ್ತಾರೆ, ಅದು ಕನ್ನಡದಲ್ಲೂ ಬರುತ್ತದೆ. ಅಲ್ಲಿ ಕೂಲಿ ಮಾಡುವ ಹೆಂಗಸಿಗೂ ಹೆಸರಿದೆ, ವಯಸ್ಸಿದೆ, ಊರಿದೆ, ಅವರದೇ ಮಾತಿದೆ. ಅಲ್ಲಿಗೆ ಫೋಟೊ ತೆಗೆಯುವ ತಮಿಳುನಾಡಿನ ಎಂ. ಪಳನಿ ಕುಮಾರ್ ಅವರ ತಾಯಿ ಮೀನು ಮಾರಿ ಮಕ್ಕಳನ್ನು ಸಾಕಿದವರು. ಆ ಮನೆಯಿಂದ ಬಂದವರು ಕೆಲಸಗಾರರನ್ನು ನೋಡುವ ರೀತಿಯೇ ಬೇರೆ.

ನಿಮ್ಮ ಹತ್ತಿರ ಅಂಥವರು ಆಗಲೇ ಇದ್ದಾರೆ, ಅದನ್ನೇ ನಾನು ಒತ್ತಿ ಹೇಳಬೇಕು ಅಂದುಕೊಂಡಿದ್ದು. ಪ್ರತಿ ತಾಲ್ಲೂಕಿನಲ್ಲಿ, ಹೋಬಳಿಯಲ್ಲಿ ಅರೆಕಾಲಿಕ ವರದಿಗಾರರಿದ್ದಾರೆ. ಅವರಲ್ಲಿ ಬಹಳ ಜನ ರೈತರ ಮಕ್ಕಳು, ನೇಕಾರರ ಮಕ್ಕಳು. ಯಾವಾಗ ಯಾವ ಕೆಲಸ ನಡೆಯುತ್ತದೆ ಅಂತ ಅವರಿಗೆ ಹೇಳಿಕೊಡಬೇಕಾಗಿಲ್ಲ. ಅವರು ಕಳಿಸುವುದು ಅಪಘಾತ, ಪ್ರತಿಭಟನೆ, ಸನ್ಮಾನ ಮಾತ್ರ, ಯಾಕೆಂದರೆ ನೀವು ಹಾಕುವುದು ಅಷ್ಟೇ. ಒಂದು ಫೋಟೊಗೆ ಒಂದು ದಿನ ಕಳೆದರೆ ಪೆಟ್ರೋಲ್ ಖರ್ಚೂ ಹುಟ್ಟುವುದಿಲ್ಲ ಅಂತ ಅವರೇ ಹೇಳುತ್ತಾರೆ. ವಾರಕ್ಕೆ ಒಂದು ಫೋಟೊ, ಜಿಲ್ಲಾ ಪುಟದಲ್ಲಿ ದೊಡ್ಡದಾಗಿ, ಕೆಳಗೆ ಎಂಟು ಹತ್ತು ಸಾಲು ವಿವರ, ತೆಗೆದವರಿಗೆ ಮರ್ಯಾದೆಯ ಸಂಭಾವನೆ. ಇಷ್ಟು ಮಾಡಿ ನೋಡಿ.

ಇನ್ನೊಂದು ಸಣ್ಣ ವಿಷಯ, ಆದರೆ ಮುಖ್ಯವಾದದ್ದು. ಈಗ ಎಲ್ಲರೂ ಫೋಟೊ ಕಳಿಸುವುದು ವಾಟ್ಸ್‌ಆ್ಯಪ್‌ನಲ್ಲಿ. ಸುಮ್ನೆ ಫೋಟೊ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ತೆಗೆದ ದಿನ, ಸಮಯದಂಥ ವಿವರ ಫೈಲ್‌ನಿಂದ ಹೊರಟುಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಹೇಳಿದರೆ ಅಷ್ಟೂ ಉಳಿಯುತ್ತದೆ. ಹೆಸರು, ಊರು, ಕೆಲಸ ಅನ್ನುವುದನ್ನು ಫೈಲ್ ಒಳಗೇ ಬರೆದಿಡೋಕೆ ಜಾಗವೂ ಇದೆ. ಇದಕ್ಕೆ ದುಡ್ಡು ಖರ್ಚಿಲ್ಲ. ಇಪ್ಪತ್ತು ವರ್ಷ ಆದಮೇಲೆ ಯಾರೋ ಒಬ್ಬ ಹುಡುಗಿ ತನ್ನ ಅಜ್ಜಿಯ ಊರಿನ ಹೆಸರು ಹಾಕಿ ಹುಡುಕಿದರೆ ಫೋಟೊ ಸಿಗಬೇಕು. ನಮ್ಮ ಕಡೆ ಒಂದು ಹಳೇ ಸ್ಟುಡಿಯೊ ಮುಚ್ಚಿದಾಗ ನೆಗೆಟಿವ್ ಪೆಟ್ಟಿಗೆಗಳನ್ನು ತಿಪ್ಪೆಗೆ ಸುರಿದರು. ಸುತ್ತಮುತ್ತಲಿನ ಎಷ್ಟೋ ಮದುವೆಗಳು, ಶಾಲೆಯ ಗುಂಪು ಫೋಟೊಗಳು, ರೇಷನ್ ಕಾರ್ಡಿಗೆ ಅಂತ ಜೀವನದಲ್ಲಿ ಒಂದೇ ಸಲ ಕ್ಯಾಮೆರಾ ಮುಂದೆ ಕೂತ ಮುದುಕರು, ಎಲ್ಲ ಅದರಲ್ಲಿ ಇದ್ದಿರುತ್ತಾರೆ. ನಿಮ್ಮಂಥ ಪತ್ರಿಕೆ ಜಿಲ್ಲೆಗೊಂದು ಕಡೆ ಇಂಥ ಪೆಟ್ಟಿಗೆಗಳನ್ನು ಇಸಿದುಕೊಂಡು ಸ್ಕ್ಯಾನ್ ಮಾಡಿಸುವ ಕೆಲಸಕ್ಕೆ ಒಂದು ಪ್ರಕಟಣೆ ಕೊಟ್ಟರೆ ಸಾಕು, ಕಾಲೇಜು ಹುಡುಗರು ಬಂದು ಕೈ ಸೇರಿಸುತ್ತಾರೆ.

ಹೆಸರು ಹಾಕಬಾರದ ಸಂದರ್ಭಗಳೂ ಇವೆ, ಅದನ್ನು ಮರೆತಿಲ್ಲ. ಜಾತಿ ದೌರ್ಜನ್ಯಕ್ಕೆ ಸಿಕ್ಕವರು, ಬಹಿಷ್ಕಾರದ ಭಯದಲ್ಲಿ ಇರುವವರು, ಸಾಲದವರಿಂದ ತಲೆ ಮರೆಸಿಕೊಂಡವರು, ದೌರ್ಜನ್ಯಕ್ಕೆ ಒಳಗಾದ ಮಕ್ಕಳು. ಇಂಥ ಕಡೆ ಹೆಸರೂ ಬೇಡ, ಮುಖವೂ ಬೇಡ. ಬೇರೆ ಸಮಯದಲ್ಲೂ ಬೇಡ ಅಂದರೆ ಬೇಡವೇ. ಆದರೆ ಅದನ್ನು ಅವರು ಹೇಳಬೇಕು, ಅವರನ್ನು ಕೇಳದೆ ನಾವೇ ತೀರ್ಮಾನ ಮಾಡುವುದಲ್ಲ. ಕೇಳಿದರೆ ನಮ್ಮ ಜನ ನಾಚಿಕೊಳ್ಳುತ್ತಾರೆ, ಸೆರಗು ಸರಿ ಮಾಡಿಕೊಳ್ಳುತ್ತಾರೆ, ಇರಿ ಮುಖ ತೊಳೆದು ಬರುತ್ತೇನೆ ಅನ್ನುತ್ತಾರೆ. ತೊಳೆದುಕೊಂಡೇ ಬರಲಿ, ಕಾಯಿರಿ. ಆಮೇಲೆ ಅವರು ಮತ್ತೆ ಕೆಲಸಕ್ಕೆ ಕೂತಾಗ ನಿಮಗೆ ಬೇಕಾದ ಫೋಟೊ ಸಿಕ್ಕೇ ಸಿಗುತ್ತದೆ.

ಅಚ್ಚಾದ ದಿನ ಆ ಊರಿಗೆ ಪೇಪರ್ ಹಾಕುವ ಏಜೆಂಟರ ಕೈಯಲ್ಲಿ ಎರಡು ಪ್ರತಿ ಜಾಸ್ತಿ ಕೊಟ್ಟು ಆ ಮನೆಗೆ ಮುಟ್ಟಿಸೋಕೆ ಹೇಳಿ. ರೇಷ್ಮೆಯಿಂದಲೇ ಶುರು ಮಾಡುವುದಾದರೆ ನಮ್ಮ ಕಡೆಗೆ ಯಾರನ್ನಾದರೂ ಕಳಿಸಿ. ಯಾವ ಮನೆಯಲ್ಲಿ ಹುಳು ಹಣ್ಣಾಗುವ ಹೊತ್ತಾಗಿದೆ ಅಂತ ವಿಚಾರಿಸಿ, ಮನೆಯವರನ್ನು ಒಪ್ಪಿಸಿ ನಾನೇ ತಿಳಿಸುತ್ತೇನೆ. ಒಂದು ದಿನ ಮುಂಚೆ ಬಂದು ಉಳಿದುಕೊಳ್ಳುವ ಹಾಗೆ ಬರಬೇಕು, ಊಟ ವಸತಿ ನಮ್ಮಲ್ಲೇ ಆಗುತ್ತದೆ.

ಇಂತಿ,
ನಿಮ್ಮ ಓದುಗ,
ಶಿಡ್ಲಘಟ್ಟ ತಾಲ್ಲೂಕು